ಎಲೆ, ಅಡಿಕೆ, ಮರ್ಯಾದೆ: ಕನ್ನಡ ನಾಡಿನ ತಾಂಬೂಲದ ಕಥೆ

1443ರ ಬೇಸಿಗೆ. ಹೆರಾತಿನ ದೊರೆ ಶಾರೂಖನ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರದಲ್ಲಿ ಎರಡನೆಯ ದೇವರಾಯನ ಎದುರು ನಿಂತಿದ್ದ. ಐದು ಕುದುರೆಗಳನ್ನೂ ತಟ್ಟೆಗಳಲ್ಲಿ ಜೋಡಿಸಿದ ರೇಷ್ಮೆ ಬಟ್ಟೆಗಳನ್ನೂ ಕಾಣಿಕೆಯಾಗಿ ಒಪ್ಪಿಸಿದ್ದಾಗಿತ್ತು. ತನ್ನ ದೇಶದ ಪದ್ಧತಿಯಂತೆ ಅಂಗಿಯ ಮೇಲೆ ಅಂಗಿ ತೊಟ್ಟು ಬಂದಿದ್ದ ಅವನು ತುಂಗಭದ್ರೆಯ ದಡದ ಸೆಖೆಗೆ ಬೆವೆತು ನೀರಾಗಿದ್ದ. ಅದು ರಾಯನ ಕಣ್ಣಿಗೆ ಬಿತ್ತು. ತನ್ನ ಕೈಯಲ್ಲಿದ್ದ ಚೀನಾದ ಬೀಸಣಿಗೆಯನ್ನೇ ಅತಿಥಿಗೆ ಕೊಟ್ಟ. ಆಮೇಲೆ ತಟ್ಟೆಗಳು ಬಂದವು. ಅವುಗಳಲ್ಲಿ ಎರಡು ಕಟ್ಟು ವೀಳ್ಯ, 500 ಪಣಗಳ ಚೀಲ, ಸುಮಾರು 20 ಮಿಸ್ಕಾಲ್ ಕರ್ಪೂರ ಇದ್ದವು. ಇದನ್ನೆಲ್ಲ ರಜಾಕನೇ ಬರೆದಿಟ್ಟಿದ್ದಾನೆ. ಅವನು ಆ ಊರಿನಲ್ಲಿದ್ದಷ್ಟು ಕಾಲ ವಾರಕ್ಕೆ ಎರಡು ಸಂಜೆ ಅರಮನೆಯಿಂದ ಕರೆ ಬರುತ್ತಿತ್ತು, ಹೋದಾಗಲೆಲ್ಲ ವೀಳ್ಯ ಸಿಗುತ್ತಿತ್ತು.

ಒಮ್ಮೆ ರಾಯ ಅವನಿಗೆ ಒಂದು ಮಾತು ಹೇಳಿದ. ನಿಮ್ಮ ದೇಶದ ಅರಸರು ರಾಯಭಾರಿಗಳನ್ನು ಜೊತೆಯಲ್ಲಿ ಕೂರಿಸಿಕೊಂಡು ಊಟ ಮಾಡುತ್ತಾರೆ. ನಾವು ನೀವು ಒಟ್ಟಿಗೆ ಉಣ್ಣುವ ಹಾಗಿಲ್ಲ. ಈ ಹೊನ್ನಿನ ಚೀಲವನ್ನೇ ಔತಣವೆಂದು ತಿಳಿಯಿರಿ ಎಂಬುದು ಅದರ ಸಾರಾಂಶ. ಕನ್ನಡ ನಾಡಿನ ಅತಿಥಿ ಸತ್ಕಾರದ ಒಂದು ಮುಖ್ಯ ಸಂಗತಿ ಈ ಮಾತಿನಲ್ಲಿದೆ. ಯಾರ ಮನೆಯಲ್ಲಿ ಯಾರು ಉಣ್ಣಬಹುದು, ಯಾರ ಪಂಕ್ತಿಯಲ್ಲಿ ಯಾರು ಕೂರಬಹುದು ಎಂಬ ಕಟ್ಟುಪಾಡು ಬಿಗಿಯಾಗಿದ್ದ ಸಮಾಜವದು. ಅಲ್ಲಿ ಅನ್ನ ದಾಟಲಾರದ ಗೆರೆಯನ್ನು ಎಲೆ ಅಡಿಕೆ ದಾಟುತ್ತಿತ್ತು. ಎಲೆ ತೋಟದ್ದು, ಅಡಿಕೆ ಮರದ್ದು, ಸುಣ್ಣ ಗೂಡಿನಲ್ಲಿ ಸುಟ್ಟದ್ದು. ಇವಾವುದಕ್ಕೂ ಅಡುಗೆಮನೆಯ ಮಡಿಮೈಲಿಗೆ ಅಂಟುತ್ತಿರಲಿಲ್ಲ. ಊಟಕ್ಕೆ ಕರೆಯಲಾಗದವನನ್ನೂ ಜಗಲಿಯ ಮೇಲೆ ಕೂರಿಸಿ ತಟ್ಟೆ ಮುಂದಿಟ್ಟು 'ಎಲೆ ಹಾಕ್ಕೊಳ್ಳಿ' ಎನ್ನಬಹುದಿತ್ತು. ನೂರಾರು ವರ್ಷ ಈ ನಾಡಿನಲ್ಲಿ ಸೌಜನ್ಯ ಎಂಬುದು ಕೈಯಲ್ಲಿ ಹಿಡಿದು ಕೊಡಬಹುದಾದ ವಸ್ತುವಾಗಿದ್ದರೆ ಅದು ಈ ತಾಂಬೂಲ.

ರಜಾಕನಿಗಿಂತ ನೂರು ವರ್ಷ ಮೊದಲು ಪಶ್ಚಿಮ ಕರಾವಳಿಗೆ ಬಂದಿದ್ದ ಇಬ್ನ್ ಬತೂತನೂ ಇದನ್ನು ಗಮನಿಸಿದ್ದ. ಹಣ್ಣಿಗಲ್ಲದೆ ಬರೀ ಎಲೆಗಾಗಿ ಬೆಳೆಸುವ ಬಳ್ಳಿ, ಚಪ್ಪರಕ್ಕೋ ತೆಂಗಿನ ಮರಕ್ಕೋ ಹಬ್ಬಿಸುವ ಕ್ರಮ, ಇವೆಲ್ಲ ಅವನಿಗೆ ಹೊಸತು. ಗೆಳೆಯನ ಮನೆಗೆ ಹೋದವನಿಗೆ ಐದು ಎಲೆ ಸಿಕ್ಕರೆ ಲೋಕವೇ ಸಿಕ್ಕಷ್ಟು ಸಂತೋಷವೆಂದೂ, ದೊರೆಯ ಕೈಯಿಂದ ಸಿಕ್ಕರೆ ಅದು ಬೆಳ್ಳಿ ಬಂಗಾರಕ್ಕಿಂತ ದೊಡ್ಡ ಮನ್ನಣೆಯೆಂದೂ ಅವನು ಬರೆದಿದ್ದಾನೆ. ಹೊನ್ನಾವರದಲ್ಲಿ ಅಲ್ಲಿನ ಆಳರಸ ಜಮಾಲುದ್ದೀನನ ಮನೆಯ ಊಟವನ್ನಂತೂ ಅವನು ಬಡಿಸಿದ ಕ್ರಮದಲ್ಲೇ ನೆನಪಿಟ್ಟಿದ್ದ. ರೇಷ್ಮೆ ಉಟ್ಟ ಹೆಂಗಸು ಬಂದು ಅನ್ನ ಬಡಿಸಿ ತುಪ್ಪ ಹಾಕುವುದು, ಪಕ್ಕದಲ್ಲಿ ಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿಗಳು, ಒಂದು ಮುಗಿದ ಮೇಲೆ ಇನ್ನೊಂದು ಪದಾರ್ಥ. ಮೊಸರು ಬಂತೆಂದರೆ ಊಟ ಮುಗಿಯಿತೆಂದು ತಿಳಿಯಬೇಕು. ಆಮೇಲೆ ಕುಡಿಯಲು ಬಿಸಿನೀರು, ಏಕೆಂದರೆ ಮಳೆಗಾಲದಲ್ಲಿ ತಣ್ಣೀರು ಒಗ್ಗುವುದಿಲ್ಲ. ಉತ್ತರ ಕನ್ನಡದ ಯಾವ ಮನೆಯವರಿಗಾದರೂ ಈ ವರ್ಣನೆ ಇವತ್ತಿಗೂ ಗುರುತು ಸಿಗುತ್ತದೆ.

ಅರಮನೆಗಳಲ್ಲಿ ಈ ಮರ್ಯಾದೆ ಶಾಸ್ತ್ರದ ರೂಪವನ್ನೇ ಪಡೆದಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ಭೋಗಗಳ ಪಟ್ಟಿ ಇದೆ. ಸ್ನಾನ, ಗಂಧ, ವಸ್ತ್ರ, ಆಭರಣಗಳ ಸಾಲಿನಲ್ಲಿ ತಾಂಬೂಲಕ್ಕೂ ಬೇರೆಯೇ ಸ್ಥಾನ. ಅಂಥ ತಾಂಬೂಲಕ್ಕೆ ಸೇರುತ್ತಿದ್ದ ಕರ್ಪೂರ ಸುಮಾತ್ರಾ, ಬೋರ್ನಿಯೋಗಳ ಕಡೆಯಿಂದ, ಲವಂಗ ಜಾಯಿಕಾಯಿಗಳು ಇನ್ನೂ ಪೂರ್ವದ ದ್ವೀಪಗಳಿಂದ ಹಡಗೇರಿ ಬರಬೇಕಿತ್ತು. ಅರಸನೊಬ್ಬ ಅತಿಥಿಗೆ ನೀಡುತ್ತಿದ್ದ ಒಂದು ಬೀಡಾದಲ್ಲಿ ಮಲೆನಾಡಿನ ತೋಟ, ಬಯಲುಸೀಮೆಯ ಎಲೆಬಳ್ಳಿ, ಕಡಲಾಚೆಯ ಸಂಬಾರ ಎಲ್ಲವೂ ಸೇರಿರುತ್ತಿದ್ದವು.

ಬೇಡಿಕೆ ಹೀಗಿದ್ದ ಮೇಲೆ ವ್ಯಾಪಾರವೂ ದೊಡ್ಡದೇ. ಎಲೆಯ ಹೇರು, ಅಡಿಕೆಯ ಹೇರುಗಳ ಮೇಲಿನ ಸುಂಕ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದೇವಾಲಯಗಳಿಗೆ ಎಲೆ ಅಡಿಕೆಯನ್ನು ದತ್ತಿಯಾಗಿ ಬಿಟ್ಟ ವರ್ತಕರೂ ತಂಬುಲಿಗರೂ ಅಲ್ಲಿದ್ದಾರೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ದಿನಚರಿಯಲ್ಲಿ ಅಡಿಕೆ ತೋಟ, ಎಲೆ ತೋಟಗಳಿಗೆ ಪುಟಗಟ್ಟಲೆ ಜಾಗ ಕೊಟ್ಟ. ಮೈಸೂರಿನ ಚಿಗುರೆಲೆಗೂ ಶಿರಸಿಯ ಅಡಿಕೆಗೂ ಇಂದು ಭೌಗೋಳಿಕ ಸೂಚಕದ ಮಾನ್ಯತೆ ಇದೆ.

ಅರಸನಿಗೆ, ಮಂತ್ರಿಗೆ ತಾಂಬೂಲ ಮಡಚಿ ಕೊಡುವವನು ಸಾಮಾನ್ಯ ಆಳಲ್ಲ. ವಿಷ ಹಾಕಲು ಅದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲವಾದ್ದರಿಂದ, ಎಲೆಚೀಲ ಹೊರುವ ಕೆಲಸ ತೀರ ನಂಬಿಕೆಯವರದು. ಆ ಚೀಲಕ್ಕೆ ಹಡಪ ಎಂದೂ ಸಂಚಿ ಎಂದೂ ಹೆಸರಿತ್ತು. ಹಡಪವಳ ಎಂಬ ಅಧಿಕಾರಿ ಶಾಸನಗಳಲ್ಲಿ ಕಾಣಸಿಗುತ್ತಾನೆ. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಬಳಿ ಈ ಕಾಯಕ ಮಾಡುತ್ತಿದ್ದವರು ಹಡಪದ ಅಪ್ಪಣ್ಣ. 'ಬಸವಪ್ರಿಯ ಕೂಡಲಚೆನ್ನಬಸವಣ್ಣ' ಎಂಬ ಅಂಕಿತದಲ್ಲಿ ಅವರು ವಚನ ಬರೆದರು. ಹೆಂಡತಿ ಲಿಂಗಮ್ಮನೂ ವಚನಕಾರ್ತಿ.

ಮನೆಗೆ ಬಂದವರನ್ನು ಮಾತಾಡಿಸದ, ಕೂರಲು ಹೇಳದ ಸಿರಿವಂತಿಕೆಯನ್ನು ವಚನವೊಂದರಲ್ಲಿ ಮುಖಕ್ಕೆ ಹೊಡೆದಂತೆ ಪ್ರಶ್ನಿಸಿದವರು ಬಸವಣ್ಣ. 'ಶೂನ್ಯಸಂಪಾದನೆ'ಯಲ್ಲಿ ಅದೇ ಪರೀಕ್ಷೆ ಅವರಿಗೇ ಎದುರಾಗುವ ಪ್ರಸಂಗವಿದೆ. ಅಲ್ಲಮಪ್ರಭು, ಸಿದ್ಧರಾಮರು ಮಹಾಮನೆಯ ಬಾಗಿಲಿಗೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿರುತ್ತಾರೆ. ಕರೆತರಲು ಅಪ್ಪಣ್ಣನನ್ನು ಕಳಿಸುತ್ತಾರೆ. ಅಲ್ಲಮ ಒಳಗೆ ಬರುವುದಿಲ್ಲ. ಮನೆಯ ಯಜಮಾನ ತಾನೇ ಎದ್ದು ಬರದೆ ಕಳಿಸಿದ ಕರೆ ಕರೆಯಲ್ಲ. ಪೂಜೆ ದೊಡ್ಡದೋ, ಬಾಗಿಲಲ್ಲಿ ನಿಂತ ಜಂಗಮ ದೊಡ್ಡದೋ ಎಂಬ ಚರ್ಚೆ ಒಳಗೆ ನಡೆದು, ಕೊನೆಗೆ ಬಸವಣ್ಣನವರೇ ಹೊರಗೆ ಬಂದು ಕಾಲಿಗೆರಗಿ ಕರೆದೊಯ್ಯುತ್ತಾರೆ. ಕನ್ನಡದ ಒಂದು ದೊಡ್ಡ ಆಧ್ಯಾತ್ಮಿಕ ಗ್ರಂಥ ಬಾಗಿಲಲ್ಲಿ ಅತಿಥಿಯನ್ನು ಬರಮಾಡಿಕೊಳ್ಳುವ ಪ್ರಶ್ನೆಗೆ ಇಷ್ಟು ಜಾಗ ಕೊಟ್ಟಿರುವುದು ಸಣ್ಣ ಸಂಗತಿಯಲ್ಲ.

ಮುಂದೆ ಐನೂರು ವರ್ಷಗಳ ನಂತರ ಮೈಸೂರಿನ ಅರಮನೆಯಲ್ಲಿ ಇನ್ನೊಬ್ಬರು ಇದೇ ಕೆಲಸದಿಂದ ಕಾವ್ಯಕ್ಕೆ ಬಂದರು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯ ಎಲೆಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ' ಬರೆದಳು. ಹೆಸರಿನ ಹಿಂದೆ ಕೆಲಸದ ಗುರುತು ಅಂಟಿಕೊಂಡು ಅವಳು ಸಂಚಿಯ ಹೊನ್ನಮ್ಮನಾಗಿಯೇ ಉಳಿದಳು. ಗೃಹಿಣಿಯ ಕರ್ತವ್ಯಗಳನ್ನು ಹೇಳುವ ಆ ಕೃತಿ, ಹೆಣ್ಣನ್ನು ಬೀಳುಗಳೆಯುವವರನ್ನು ನೇರವಾಗಿ ಪ್ರಶ್ನಿಸುತ್ತದೆ ಕೂಡ. ಇತರರ ಮಾತಿಗೆ ಕಿವಿಯಾಗಿ, ತಾನು ಮಾತಾಡದೆ, ಬೇಕಾದ ಹೊತ್ತಿಗೆ ಎಲೆ ಮಡಚಿ ಕೊಡುತ್ತಿದ್ದ ಹೆಣ್ಣೊಬ್ಬಳಿಗೆ ಅರಮನೆಯ ನಡೆನುಡಿ ಎಷ್ಟು ಹತ್ತಿರದಿಂದ ಕಂಡಿರಬೇಕು!

ವೀಳ್ಯ ಬರೀ ಆದರದ ವಸ್ತುವಾಗಿರಲಿಲ್ಲ, ಮಾತಿಗೆ ಮುದ್ರೆಯೂ ಆಗಿತ್ತು. ದಂಡಿಗೆ ಹೊರಡುವ ವೀರನಿಗೆ ಒಡೆಯ ರಣವೀಳ್ಯ ಕೊಡುತ್ತಿದ್ದ. ತೆಗೆದುಕೊಂಡರೆ ಹೊಣೆ ಹೊತ್ತಂತೆ, ಹಿಂದೆ ಸರಿಯುವಂತಿಲ್ಲ. ಈ ಸಂಬಂಧದ ಒಳಗಿನ ಮೇಲು ಕೀಳನ್ನು ಕುಮಾರವ್ಯಾಸನಷ್ಟು ಹರಿತವಾಗಿ ಕಂಡವರು ಕಡಿಮೆ. ಅವನ ಭಾರತದ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳಿ, ಎರಡು ಕುಲಗಳೂ ನಿನ್ನನ್ನು ಓಲೈಸಬೇಕಾಗಿರುವಾಗ ದುರ್ಯೋಧನನ ಬಾಯ ತಾಂಬೂಲಕ್ಕೆ ಕೈಯೊಡ್ಡುವುದೇ ಎಂದು ಚುಚ್ಚುತ್ತಾನೆ. ಒಡೆಯ ಕೊಟ್ಟ ವೀಳ್ಯ ಕೆಲವರಿಗೆ ಗೌರವ. ಅದೇ ಕೈ ಅದನ್ನು ಇನ್ನೊಂದು ರೀತಿಯಲ್ಲಿ ನೀಡಿದರೆ ಊಳಿಗ.

ಈ ಎರಡನೆಯ ಮುಖವನ್ನು ಮರೆತು ತಾಂಬೂಲದ ಚರಿತ್ರೆ ಬರೆಯಲಾಗದು. ಸಭೆಯಲ್ಲಿ ಮೊದಲ ವೀಳ್ಯ ಯಾರಿಗೆ ಎಂಬ ಅಗ್ರತಾಂಬೂಲದ ಪ್ರಶ್ನೆ ಊರುಗಳನ್ನು ಒಡೆದಿದೆ. ಗೌಡರಿಗೆ ಮೊದಲೋ ಶಾನುಭೋಗರಿಗೋ, ಈ ಮನೆತನಕ್ಕೋ ಆ ಮನೆತನಕ್ಕೋ ಎಂದು ಜಾತ್ರೆ, ಮದುವೆಗಳಲ್ಲಿ ಜಗಳಗಳಾಗಿವೆ. ಮೇಲುಜಾತಿಯವರು ಪರಸ್ಪರ ಕೈಗೆ ಕೈ ಕೊಟ್ಟುಕೊಳ್ಳುತ್ತಿದ್ದ ಎಲೆ ಅಡಿಕೆ, ಹೊಲಗದ್ದೆಯಲ್ಲಿ ದುಡಿದ ದಲಿತರ ಪಾಲಿಗೆ ನೆಲದ ಮೇಲೆ ಇಟ್ಟದ್ದೋ ದೂರದಿಂದ ಹಾಕಿದ್ದೋ ಆಗುತ್ತಿತ್ತು. ಅನ್ನ ದಾಟದ ಗೆರೆಯನ್ನು ದಾಟಿದ ಎಲೆ ಅಸ್ಪೃಶ್ಯತೆಯ ಈ ಗೆರೆಯ ಬಳಿ ಮಾತ್ರ ನಿಂತುಬಿಟ್ಟಿತು. ಮನೆಯೊಳಗೂ ಅಷ್ಟೇ. ಗಂಡ ಸತ್ತ ಹೆಣ್ಣಿಗೆ ತಾಂಬೂಲ ಜಗಿಯುವುದೂ ನಿಷಿದ್ಧ, ಅರಿಶಿನ ಕುಂಕುಮದ ಜೊತೆ ಪಡೆಯುವುದೂ ನಿಷಿದ್ಧ. ವರಮಹಾಲಕ್ಷ್ಮಿಯ ದಿನ ನೆರೆಹೊರೆಯ ಮುತ್ತೈದೆಯರೆಲ್ಲ ನಡುಮನೆಯಲ್ಲಿ ಕೂತಿರುವಾಗ ಆ ಮನೆಯ ಹಿರಿಯ ಹೆಂಗಸು ಒಳಕೋಣೆಯಲ್ಲಿ ಉಳಿಯಬೇಕಾಗಿತ್ತು. ಸೌಜನ್ಯದ ಹೆಸರಿನಲ್ಲಿ ನಡೆದ ಈ ಒರಟುತನಕ್ಕೆ ಬೇರೆ ಹೆಸರಿಲ್ಲ.

ಆದರೂ ಸಾಮಾನ್ಯರ ಜಗಲಿಯಲ್ಲಿ ಈ ರೂಢಿ ಬೆಳೆಸಿದ ನಯವನ್ನು ಅಲ್ಲಗಳೆಯಲಾಗದು. ಉತ್ತರ ಕರ್ನಾಟಕದ ರೈತನ ಸೊಂಟದಲ್ಲಿ ಎಲೆ, ಅಡಿಕೆ, ಸುಣ್ಣಕ್ಕೆ ಬೇರೆ ಬೇರೆ ಅರೆಗಳಿದ್ದ ಚಂಚಿ. ಹೊಲದ ಬದುವಿನಲ್ಲಿ ಗುರುತಿಲ್ಲದವನು ಎದುರಾದರೂ 'ಬರ್‍ರಿ, ಎಲಿ ಅಡಿಕಿ ಹಾಕ್ಕೊರಿ' ಎಂದು ಅದನ್ನು ಬಿಚ್ಚುತ್ತಿದ್ದ. ಊರು ಯಾವುದು, ಮಳೆ ಹೆಂಗೆ ಎಂಬ ಮಾತು ಆಮೇಲೆ. ಶಿರಸಿ ಸಿದ್ದಾಪುರದ ಕಡೆ ಅದು ಕವಳ. ನೆಂಟರು ಕೈಕಾಲು ತೊಳೆದು ಕೂತೊಡನೆ ಬೆಲ್ಲ ನೀರು, ಹಿಂದೆಯೇ ಕವಳದ ತಟ್ಟೆ. ತುಳುನಾಡಿನಲ್ಲಿ ಬಚ್ಚಿರೆ ಬಜ್ಜೆಯಿ. ಹಲ್ಲಿಲ್ಲದ ಅಜ್ಜನಿಗೆ ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಕೊಡುವುದು ಮೊಮ್ಮಕ್ಕಳ ಕೆಲಸ. ಮಕ್ಕಳು ಮರ್ಯಾದೆಯ ಮೊದಲ ಪಾಠಗಳನ್ನು ಕಲಿತದ್ದು ಈ ತಟ್ಟೆಯ ಸುತ್ತಲೇ ಎನ್ನಬಹುದು. ಎಡಗೈಯಲ್ಲಿ ಕೊಡಬಾರದು, ಹಿರಿಯರಿಗೆ ಎರಡೂ ಕೈಯಲ್ಲಿ ನೀಡಬೇಕು, ಒಣಗಿದ ಎಲೆ ಮುಂದಿಡಬಾರದು, ಹಿರಿಯರ ಎದುರು ಬಾಯಾಡಿಸಬಾರದು.

ಆ ತಟ್ಟೆ ಮಾಡುತ್ತಿದ್ದ ಇನ್ನೊಂದು ದೊಡ್ಡ ಕೆಲಸವೆಂದರೆ ಸಮಯ ಕೊಡುವುದು. ಎಲೆಯ ತೊಟ್ಟು ಮುರಿಯಬೇಕು, ನಾರು ತೆಗೆಯಬೇಕು, ಬೆನ್ನಿಗೆ ಸುಣ್ಣ ಸವರಬೇಕು, ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡಬೇಕು. ಅಷ್ಟರಲ್ಲಿ ಸಾಲ ಕೇಳಲು ಬಂದವನ ಸಂಕೋಚ ಸಡಿಲಾಗುತ್ತಿತ್ತು, ಜಗಳಕ್ಕೆ ಬಂದವನ ದನಿ ತಗ್ಗುತ್ತಿತ್ತು. ಹೆಣ್ಣು ಕೇಳಲು ಬಂದವರು ವಿಷಯಕ್ಕೆ ಬರುತ್ತಿದ್ದದ್ದೂ ಅಡಿಕೆ ಹೋಳು ಬಾಯಿಗೆ ಬಿದ್ದ ಮೇಲೆಯೇ. ಪಂಚಾಯಿತಿಯಲ್ಲಿ ರಾಜಿಯಾದವರು ಎಲೆ ಅಡಿಕೆ ಬದಲಾಯಿಸಿಕೊಂಡರೆ ವ್ಯಾಜ್ಯ ಮುಗಿದಂತೆ. ಮದುವೆಯ ಮಾತುಕತೆ ಗಟ್ಟಿಯಾಗುತ್ತಿದ್ದದ್ದು ಎರಡು ಕಡೆಯವರು ತಾಂಬೂಲ ಬದಲಾಯಿಸಿಕೊಂಡಾಗಲೇ. ನಿಶ್ಚಿತಾರ್ಥದಲ್ಲಿ ಇಂದಿಗೂ ಅದು ಉಳಿದಿದೆ.

ಕಲಾವಿದರನ್ನು, ಕಸುಬುದಾರರನ್ನು ಕೆಲಸಕ್ಕೆ ಕರೆಯುವುದಕ್ಕೂ ವೀಳ್ಯ ಬೇಕಿತ್ತು. ತುಳುನಾಡಿನ ಭೂತಕೋಲದಲ್ಲಿ ದೈವ ಕಟ್ಟುವವರಿಗೆ ಮೊದಲು ಎಣ್ಣೆ ಮತ್ತು ವೀಳ್ಯ ಕೊಡುವ 'ಎಣ್ಣೆಬೂಳ್ಯ' ಇದೆ. ಅದನ್ನು ಪಡೆದ ಮೇಲೆಯೇ ಅವರು ಬಣ್ಣಕ್ಕೆ ಕೂರುವುದು. ಆ ಕೆಲಸ ಪರಂಪರೆಯಿಂದ ನಲಿಕೆ, ಪಂಬದ, ಪರವ ಸಮುದಾಯಗಳದು. ಬೇರೆ ದಿನಗಳಲ್ಲಿ ಅಂಗಳದಾಚೆ ನಿಲ್ಲಿಸಿದವರನ್ನೇ ಅಂದು ವೀಳ್ಯ ಕೊಟ್ಟು ಬೇಡಿಕೊಳ್ಳಬೇಕು. ಮದುವೆಗೆ ಊರವರನ್ನು ಕರೆಯುವುದೂ ಮನೆಮನೆಗೆ ಹೋಗಿ ಎಲೆ ಅಡಿಕೆ ಇಟ್ಟೇ. 'ಎಲೆ ಅಡಿಕೆ ಕೊಟ್ಟು ಕರೆದಿಲ್ಲ' ಎಂದರೆ ಪಕ್ಕದ ಮನೆಯವನೂ ಹೋಗದಿರಲು ಅಷ್ಟೇ ಸಾಕು.

ಈ ತಟ್ಟೆಗೆ ಹೊಗೆಸೊಪ್ಪು ಸೇರಿದ್ದು ತಡವಾಗಿ. ಪೋರ್ಚುಗೀಸರು ಅಮೆರಿಕದ ಆ ಗಿಡವನ್ನು ಪಶ್ಚಿಮ ಕರಾವಳಿಗೆ ತಂದ ಮೇಲೆ ಅದು ದಖನ್ನಿನಲ್ಲಿ ಬೇಗ ಹಬ್ಬಿತು. ಸುಮಾರು 1604ರಲ್ಲಿ ಅಕ್ಬರನ ದೂತ ಅಸದ್ ಬೇಗ್ ಮೊದಲ ಬಾರಿ ತಂಬಾಕು ಕಂಡದ್ದು ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಬಿಜಾಪುರದಲ್ಲಿ. ಅಲ್ಲಿಂದಲೇ ಅವನು ಅದನ್ನು ಮೊಗಲ್ ದರ್ಬಾರಿಗೆ ಒಯ್ದ. ಇತ್ತ ಬೀದರಿನ ಕುಶಲಕರ್ಮಿಗಳು ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿ ಪಾನ್‌ದಾನ್‌ಗಳನ್ನೂ ಹುಕ್ಕಾ ಬುಡಗಳನ್ನೂ ಮಾಡತೊಡಗಿದರು. ಬ್ರಿಟಿಷ್ ಅಧಿಕಾರಿಗಳು ಬಂದ ಮೇಲೂ ರೂಢಿ ನಿಲ್ಲಲಿಲ್ಲ. ದರ್ಬಾರು ಮುಗಿಯಿತೆಂಬುದಕ್ಕೆ ಅತ್ತರು ಮತ್ತು ಪಾನ್ ಹಂಚುವುದೇ ಸೂಚನೆಯಾಗಿತ್ತು. ಬಂದವರಿಗೆ 'ಇನ್ನು ಹೊರಡಿ' ಎನ್ನಲು ಇದಕ್ಕಿಂತ ಮೃದುವಾದ ದಾರಿ ಕಷ್ಟ.

20ನೆಯ ಶತಮಾನದಲ್ಲಿ ಜಗಲಿಯ ಮೇಲೆ ಕಾಫಿ ಲೋಟ ಬಂದು ಕೂತಿತು. ಪೇಟೆಯ ಮನೆಗಳಲ್ಲಿ 'ಎಲೆ ಹಾಕ್ಕೊಳ್ಳಿ' ಎಂಬುದರ ಜಾಗಕ್ಕೆ 'ಕಾಫಿ ಕುಡೀತೀರಾ' ಬಂತು. ಶತಮಾನದ ಕೊನೆಯ ದಶಕಗಳಲ್ಲಿ ಗುಟ್ಕಾ ಪೊಟ್ಟಣ ಬಂದದ್ದು ಬೇರೆಯೇ ಬಗೆಯ ಹೊಡೆತ. ಅದನ್ನು ಯಾರೂ ಯಾರಿಗೂ ಮಡಚಿ ಕೊಡಬೇಕಾಗಿಲ್ಲ. ಹಂಚಿಕೊಳ್ಳುವುದು ಹೋಗಿ ಚಟ ಮಾತ್ರ ಉಳಿಯಿತು. ತಂಬಾಕು ಬೆರೆತ ಗುಟ್ಕಾ, ಪಾನ್ ಮಸಾಲೆಗಳನ್ನು ಕರ್ನಾಟಕ 2013ರಲ್ಲಿ ನಿಷೇಧಿಸಿತು. ಅದಕ್ಕೂ ಮೊದಲೇ, 2004ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಎಲೆ ಅಡಿಕೆಯ ಜಗಿತವನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತ್ತು. ಅಡಿಕೆ ಬೆಳೆಯುವ ಜಿಲ್ಲೆಗಳಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ, ಅಲ್ಲಿ ವಾದ ನಡೆಯುತ್ತಲೇ ಇದೆ. ಆದರೆ ಬಾಯಿ ತೆರೆಯಲಾಗದೆ ಆಸ್ಪತ್ರೆಗೆ ಬರುವವರ ನೋವನ್ನು ಯಾವ ಪರಂಪರೆಯ ಹೆಸರಿನಲ್ಲೂ ಬದಿಗೆ ಸರಿಸುವಂತಿಲ್ಲ.

ಜಗಿಯುವುದು ಬೇರೆ, ಕೊಡುವುದು ಬೇರೆ ಎಂದು ಜನ ತಾವಾಗಿಯೇ ಕಂಡುಕೊಂಡಂತಿದೆ. ಇವತ್ತು ಮದುವೆ ಛತ್ರದ ಬಾಗಿಲಲ್ಲಿ ತಾಂಬೂಲದ ಚೀಲ ಪಡೆಯುವ ನೂರರಲ್ಲಿ ಎಷ್ಟೋ ಮಂದಿ ಎಲೆ ಬಾಯಿಗಿಡುವವರೇ ಅಲ್ಲ. ಎರಡು ಎಲೆ, ಒಂದಿಷ್ಟು ಅಡಿಕೆ, ತೆಂಗಿನಕಾಯಿ. ಕೆಲವರು ಪುಸ್ತಕ ಇಡುತ್ತಾರೆ, ಕೆಲವರು ಸಸಿ ಕೊಡುತ್ತಾರೆ. ವಸ್ತು ಬದಲಾದರೂ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಮನಸ್ಸು ಬದಲಾಗಿಲ್ಲ. ಆದರೆ ಆ ಬಾಗಿಲಲ್ಲಿ ಯಾರಿಗೆಲ್ಲ ತಾಂಬೂಲ ಸಿಗುತ್ತದೆ ಎಂಬುದನ್ನು ನೋಡಬೇಕು. ಅಡುಗೆಯವರಿಗೆ, ವಾಲಗದವರಿಗೆ, ಎಂಜಲೆಲೆ ತೆಗೆದವರಿಗೆ ಸಂಭಾವನೆಯ ಜೊತೆ ಕರೆದು ತಾಂಬೂಲ ಕೊಡುವ ಮನೆಗಳಿವೆ. ಹಣ ಎಣಿಸಿ ಕೊಟ್ಟು ಮುಗಿಸುವ ಮನೆಗಳೂ ಇವೆ.

ಒಳಕೋಣೆಯಲ್ಲಿ ಉಳಿಯಬೇಕಾಗಿದ್ದ ಹೆಂಗಸರ ವಿಷಯದಲ್ಲಿ ಬದಲಾವಣೆ ನಿಧಾನವಾಗಿಯಾದರೂ ನಡೆದಿದೆ. ಅರಿಶಿನ ಕುಂಕುಮಕ್ಕೆ ವಿಧವೆಯರನ್ನೂ ಕೂರಿಸುವ ಮನೆಗಳು ಈಗ ಅಪರೂಪವಲ್ಲ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರ, ದೇವಸ್ಥಾನಗಳ ಬಾಗಿಲು ಮುಚ್ಚಿದ್ದ ಬಿಲ್ಲವರಿಗಾಗಿ ಎದ್ದುನಿಂತದ್ದು. ಅಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಲಾಯಿತು. ಅವರ ಕೈಯಿಂದ ಭಕ್ತರು ಸಾಲಾಗಿ ನಿಂತು ಪ್ರಸಾದ ಪಡೆದರು.